ಕೇಳಿ ಕೇಳಿ ನಡೆದ ದಾರಿ

ಕಳೆದ ಶನಿವಾರ ಅಕ್ಸ್‌ಬ್ರಿಡ್ಜ್‌ನಲ್ಲಿ ಬಸ್ಸು ಹಿಡಿದು ಆ ಹಳ್ಳಿಗೆ ಹೋದೆವು, ನಾನು ಮತ್ತು ಮಗಳು ಅನಘಾ. ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಬೆಳ್ಳುಳ್ಳಿಯ ವಾಸನೆ ಮೂಗಿಗೆ ಬಡಿಯಿತು. ಯಾರೋ ಮರಗಳ ಕೆಳಗೆ ಕೂತು ಒಗ್ಗರಣೆಗೆ ಜಜ್ಜುತ್ತಿದ್ದಾರೆ ಅನ್ನುವಷ್ಟು ಗಾಢ ವಾಸನೆ. ಏಪ್ರಿಲ್ ಬಂತೆಂದರೆ ಇಂಗ್ಲೆಂಡಿನ ತಂಪು ಕಾಡುಗಳ ನೆಲದ ತುಂಬ ಏಳುವ ಕಾಡು ಬೆಳ್ಳುಳ್ಳಿ ಅದು. ಅಗಲ ಎಲೆ, ಬಿಳಿ ಹೂ. ಅನಘಾ ಮೂಗು ಮುಚ್ಚಿಕೊಂಡಳು. ನನಗೆ ಹಸಿವಾಯಿತು, ಅದರ ಜೊತೆಗೇ ನಾಲ್ಕು ವರ್ಷದ ಹಿಂದೆ ನಾವು ಅಲ್ಲಿ ಕಳೆದ ಒಂದು ವರ್ಷ ಇಡಿಯಾಗಿ ನೆನಪಾಯಿತು.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾವಿರುವ ಕೆಂಟನ್ ಬಡಾವಣೆಯ ಕನ್ನಡದವರೆಲ್ಲ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಡುತ್ತಾರೆ, ಅಲ್ಲಿನವರು ನನ್ನನ್ನು ಬಯ್ಯುತ್ತಾರೆ. ವಿಳಾಸದಲ್ಲಿ ಲಂಡನ್ ಎಂದೇ ಬರುತ್ತದೆ. ಕೌನ್ಸಿಲ್ ಲಂಡನ್ನಿನದು, ಕೆಂಪು ಬಸ್ಸು ಲಂಡನ್ನಿನದು, ಆದರೆ ಬಸ್‌ಸ್ಟಾಪಿನ ಎದುರು ಬೇಲಿಯ ಮೇಲೆ ಗದ್ದ ಇಟ್ಟು ನಿಲ್ಲುವುದು ಆಕಳು. ಮೊದಲ ದಿನ ಅದು ನನ್ನನ್ನು ನೋಡಿದ ರೀತಿಗೆ ನಾನು ಅದರ ಕ್ಷಮೆ ಕೇಳುವುದೊಂದು ಬಾಕಿ.

ನಾನಾಗಿ ಹೋದವಳಲ್ಲ. ನನ್ನ ಗಂಡ ಅರವಿಂದ ಅರಿವಳಿಕೆಯ ಡಾಕ್ಟರು. ಮೈಸೂರಿನವನು, ಎಷ್ಟು ಮೆಲ್ಲಗೆ ಮಾತಾಡುತ್ತಾನೆಂದರೆ ರೋಗಿಗಳಿಗೆ ಬೇರೆ ಔಷಧ ಏಕೆ ಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆ ಸೆಪ್ಟೆಂಬರಿನಲ್ಲಿ ಅವನಿಗೆ ಒಂದು ವರ್ಷದ ಮಟ್ಟಿಗೆ ಆ ಕಡೆಯ ಆಸ್ಪತ್ರೆಯಲ್ಲಿ ಕೆಲಸ ಬಿತ್ತು. ಹನ್ನೊಂದು ವರ್ಷ ಕೆಂಟನ್‌ನಲ್ಲಿ, ಬಾಗಿಲು ತೆರೆದರೆ ಕರಿಬೇವು ಸಿಗುವ ಬೀದಿಯಲ್ಲಿ ಇದ್ದವಳನ್ನು ತಂದು ಒಂದು ಅಂಗಡಿ, ಒಂದು ಪಬ್, ಒಂದು ಚರ್ಚು ಇರುವ ಊರಿನಲ್ಲಿ ಇಳಿಸಿದ. ಶಾಲೆಯಲ್ಲಿ ಮಕ್ಕಳಿಗೆ ಓದಿಸುತ್ತಿದ್ದ ಕೆಲಸ ಬಿಡಬೇಕಾಯಿತು. ಮೊದಲ ವಾರ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಮಾತಾಡಲು ಯಾರೂ ಇರಲಿಲ್ಲ.

ಎರಡನೆಯ ವಾರ ಊರಿನ ಡಾಕ್ಟರು ನನ್ನ ರಕ್ತದ ವರದಿ ನೋಡಿ, ಸಕ್ಕರೆ ಅಂಚಿಗೆ ಬಂದಿದೆ, ದಿನಾ ಒಂದು ತಾಸು ನಡೆಯಿರಿ ಎಂದರು. ಧಾರವಾಡದಲ್ಲಿ ಬೆಳೆದ ನನಗೆ ನಡೆಯುವುದೆಂದರೆ ಎಲ್ಲಿಗಾದರೂ ನಡೆಯುವುದು: ಬಜಾರಿಗೆ, ಗುಡಿಗೆ, ಅತ್ತೀಮನೆಗೆ. ಸುಮ್ಮನೆ ನಡೆದು ಸುಮ್ಮನೆ ವಾಪಸ್ ಬರುವುದು ಇಂಗ್ಲಿಷಿನವರ ಚಟ. ಇದನ್ನು ಪಕ್ಕದ ಮನೆಯ ಪೆಗ್‌ಗೆ ಹೇಳಿದೆ. ಪೆಗ್ ವಯಸ್ಸಿನಲ್ಲಿ ನನ್ನ ತಾಯಿಯಷ್ಟು, ಆಗ ಎಪ್ಪತ್ತೆಂಟು. ಆದರೆ ಮೊದಲ ದಿನವೇ "ನನ್ನನ್ನ ಪೆಗ್ ಅನ್ನು" ಎಂದದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ಬಹುವಚನ ಹಾಕಿದರೆ ಬೇರೆ ಯಾರೋ ಅನ್ನಿಸುತ್ತಾಳೆ. ಇನ್ನೊಂದು ಮಾತು. ಇವರೆಲ್ಲ ಆಡಿದ್ದು ಇಂಗ್ಲಿಷು, ಆದರೆ ನನ್ನ ನೆನಪಿನಲ್ಲಿ ಎಲ್ಲರೂ ಧಾರವಾಡದ ಕನ್ನಡವನ್ನೇ ಆಡುತ್ತಾರೆ. ನಾನೇನು ಮಾಡಲಿ, ಹಾಗೇ ಬರೆಯುತ್ತೇನೆ.

"ಎಲ್ಲಿಗಂದ್ರ ನದೀಗೆ," ಅಂದಳು ಪೆಗ್. "ನಾನು ಐವತ್ತೆರಡು ವರ್ಷ ಆತು, ದಿನಾ ಹೋಗಿ ಅದು ಅಲ್ಲೇ ಅದನೋ ಇಲ್ಲೋ ನೋಡಿ ಬರ್ತೇನಿ. ಬಾ ನನ್ನ ಕೂಡ."

ನದಿಗೆ ಎರಡು ದಾರಿ. ಒಂದು, ಲಾರಿಗಳು ಓಡುವ, ಕಾಲುದಾರಿಯೇ ಇಲ್ಲದ ರಸ್ತೆಯಲ್ಲಿ ಜೀವ ಕೈಯಲ್ಲಿ ಹಿಡಿದು ಹೋಗಿ, ಕಾಲುವೆಯ ಬಳಿ ನಲವತ್ತು ಮೆಟ್ಟಿಲು ಇಳಿಯುವುದು. ಪೆಗ್‌ಗೆ ಒಂದು ಸೊಂಟದ ಕೀಲು ಬದಲಾಗಿತ್ತು, ಇನ್ನೊಂದು ಸರದಿಯಲ್ಲಿ ನಿಂತಿತ್ತು. ಆ ಮೆಟ್ಟಿಲು ಅವಳಿಂದ ಆಗುತ್ತಿರಲಿಲ್ಲ. ಇನ್ನೊಂದು ದಾರಿ ಚರ್ಚಿನ ಹಿಂದಿನ ಇಳಿಜಾರು. ಅಲ್ಲಿಂದ ಒಂದು ಮರದ ಗೇಟು, ಗೇಟು ದಾಟಿದರೆ ಫ್ರಾಂಕ್ ಎಂಬ ಎಂಬತ್ತನಾಲ್ಕರ ರೈತನ ಅಂಗಳ, ಅಂಗಳದ ಆಚೆ ಅವನ ಹುಲ್ಲುಗಾವಲು, ಅದರಾಚೆ ಕೋಲ್ನ್ ನದಿ. ಆ ಸಣ್ಣ ಇಳಿಜಾರು ಬಿಟ್ಟರೆ ಎಲ್ಲ ಸಮತಟ್ಟು, ಹದಿನೈದೇ ನಿಮಿಷ. ಇಡೀ ಊರು ಅದೇ ದಾರಿಯಲ್ಲಿ ನಡೆಯುತ್ತಿತ್ತು. ಆ ದಾರಿ ಕೌನ್ಸಿಲ್‌ನ ನಕ್ಷೆಯಲ್ಲಿ ಮಾತ್ರ ಇಲ್ಲ ಎಂಬುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಉಳಿದ ದಿನ ಊರೊಳಗೇ ಸುತ್ತಿ, ಶನಿವಾರಕ್ಕೊಮ್ಮೆ ಪೆಗ್ ಜೊತೆ ನದಿಗೆ ಹೋಗುವುದೆಂದು ಮಾಡಿಕೊಂಡೆ. ಮೊದಲ ಶನಿವಾರ ಫ್ರಾಂಕ್ ತನ್ನ ಜಗಲಿಯ ಮೇಲೆ ಬೂಟು ಹಾಕಿಕೊಂಡೇ ಕೂತು ಚಹಾ ಕುಡಿಯುತ್ತಿದ್ದ. ಪೆಗ್ ನಿಲ್ಲದೆ "ಮಳಿ ಬರೂ ಹಂಗ ಅದ" ಎಂದು ಕೂಗುತ್ತಾ ಮುಂದೆ ಹೋದಳು. ನನ್ನ ಕಾಲು ಏಳಲಿಲ್ಲ. ಒಬ್ಬ ಮನುಷ್ಯ ತನ್ನ ಮನೆ ಮುಂದೆ ಕೂತಿದ್ದಾನೆ, ಅವನ ಹೊಲದಲ್ಲಿ ಅವನ ಕಣ್ಣೆದುರೇ ಹಾದುಹೋಗಬೇಕು, ಒಂದು ಮಾತು ಕೇಳಬಾರದೇ? ನಮ್ಮ ಕಡೆ ಹೀಗೆ ಹೋದರೆ ಮುಂದಿನ ಓಣಿಯವರೆಗೂ ನಮ್ಮ ಮನೆತನದ ಉದ್ಧಾರವಾಗುತ್ತದೆ. ನಾನು ನಿಂತು, ಸೆರಗು ಇಲ್ಲದಿದ್ದರೂ ಕೋಟನ್ನೇ ಸರಿಮಾಡಿಕೊಂಡು ಕೇಳಿದೆ.

"ನಿಮ್ಮ ಹೊಲದಾಗ ಹಾದು ಹೋಗ್ಲ್ಯಾ?"

ಫ್ರಾಂಕ್ ಚಹಾದ ಕಪ್ಪು ಕೆಳಗಿಟ್ಟು ನನ್ನನ್ನು ಆ ಆಕಳಿನ ಹಾಗೆಯೇ ನೋಡಿದ. "ಏನ್ ಕೇಳ್ತೀ ಹುಚ್ಚೀ! ಅದು ನಂದಲ್ಲ, ಕೊಡ್ಲಿಕ್ಕೆ. ಹೋಗು, ಹೋಗು."

ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ. ನಮ್ಮಲ್ಲೂ ಹಾಗೇ ಅಲ್ಲವೇ? "ಬರ್ಲ್ಯಾ" ಅಂದರೆ "ಕೇಳೂದೇನದ, ನಿಮ್ದೇ ಮನಿ" ಅನ್ನುತ್ತಾರೆ. ಹಾಗಂದರೆಂದು ಮರುದಿನ ಕೇಳದೆ ಒಳಗೆ ನುಗ್ಗಿ ಮಂಚದ ಮೇಲೆ ಕೂರುತ್ತೇವೆಯೇ? ಮತ್ತೆ ಕೇಳುತ್ತೇವೆ. ಅವರು ಮತ್ತೆ ಅದೇ ಅನ್ನುತ್ತಾರೆ. ಅದಕ್ಕೇ ಮುಂದಿನ ಶನಿವಾರವೂ ಕೇಳಿದೆ, ಅದರ ಮುಂದಿನ ಶನಿವಾರವೂ. ಪ್ರತಿ ಸಲವೂ ಅವನು ಅದು ನನ್ನದಲ್ಲ ಎಂದ, ಪ್ರತಿ ಸಲವೂ ನಾನು ಥ್ಯಾಂಕ್ಸ್ ಹೇಳಿದೆ. ಇಂಗ್ಲಿಷಿನವರು "ಬಹಳ ಇಂಟರೆಸ್ಟಿಂಗ್" ಅಂದರೆ ಬೇಸರವಾಯಿತು ಎಂದರ್ಥ ಅಂತ ತಿಳಿಯಲು ನನಗೆ ಹತ್ತು ವರ್ಷ ಹಿಡಿದಿತ್ತು. ಅಂಥವರಲ್ಲಿ ಒಬ್ಬ ಹೇಳಿದ್ದು ಹೇಳಿದಷ್ಟೇ ಎಂದು ನಾನು ಹೇಗೆ ನಂಬಲಿ?

ಅಕ್ಟೋಬರ್ ಹೊತ್ತಿಗೆ ಕೇಳುವುದರ ಜೊತೆ ಐದು ನಿಮಿಷ ಮಾತು ಸೇರಿತು, ನವೆಂಬರಿಗೆ ಅದು ಇಪ್ಪತ್ತು ನಿಮಿಷವಾಯಿತು. ಪೆಗ್ ಮುಂದೆ ಹೋಗಿ ನದಿದಂಡೆಯ ಬೆಂಚಿನ ಮೇಲೆ ನನಗಾಗಿ ಕಾಯುತ್ತಿದ್ದಳು. ಫ್ರಾಂಕ್‌ನ ಹೆಂಡತಿ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೋಳಿಗಳ ಆರೋಗ್ಯ, ನನ್ನ ಸಕ್ಕರೆ, ಅವನ ಮಂಡಿ, ಜೋಳದ ರೊಟ್ಟಿ ಬಡಿಯುವುದು ಹೇಗೆ, ಎಲ್ಲ ಮಾತಾಡಿದೆವು. ದೀಪಾವಳಿಗೆ ಚಕ್ಕುಲಿ ಮಾಡಿ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಕೊಟ್ಟೆ. ಮುಂದಿನ ವಾರ ಡಬ್ಬಿಯನ್ನು ಪಳಪಳ ತೊಳೆದು ಖಾಲಿ ವಾಪಸ್ ಕೊಟ್ಟ. ನಾನು ತೆಗೆದುಕೊಳ್ಳಲಿಲ್ಲ.

"ನಮ್ಮ ಕಡೆ ಖಾಲಿ ಡಬ್ಬಿ ವಾಪಸ್ ಕೊಡಬಾರದು ಫ್ರಾಂಕ್. ಒಂದು ಹಳ್ಳು ಸಕ್ಕರಿನಾದ್ರೂ ಹಾಕಿ ಕೊಡಬೇಕು."

"ನಿನಗ ಸಕ್ಕರಿ ಬ್ಯಾಡಂತ ಡಾಕ್ಟರು ಹೇಳ್ಯಾರಲ್ಲ?" ಎಂದು ಒಳಗೆ ಹೋದ. ಆರು ಮೊಟ್ಟೆ ಇಟ್ಟು ತಂದ. ನಾನು ಮೊಟ್ಟೆ ತಿನ್ನುವುದಿಲ್ಲ ಎಂದು ಹೇಳುವ ಧೈರ್ಯವಾಗಲಿಲ್ಲ. ಅನಘಾ ಆ ಚಳಿಗಾಲವೆಲ್ಲ ಆಮ್ಲೆಟ್ ತಿಂದಳು. ಆಮೇಲೆ ಡಬ್ಬಿ ಪ್ರತಿ ವಾರ ಅತ್ತ ಚಕ್ಕುಲಿ, ಕೋಡುಬಳೆ, ಅವಲಕ್ಕಿ ಹೊತ್ತು ಹೋಗಿ ಇತ್ತ ಅಕ್ರೋಟ, ಈರುಳ್ಳಿ, ಒಮ್ಮೆ ಒಂದು ಉಂಡೆ ಸುತಳಿ ಹೊತ್ತು ಬಂತು. ಸುತಳಿ ಏಕೆಂದರೆ ಮನೆಯಲ್ಲಿ ಬೇರೇನೂ ಇರಲಿಲ್ಲವಂತೆ.

ಆ ಚಳಿಗಾಲ ನಾನು ನಡೆಯಲು ಕಲಿತೆ. ರಬ್ಬರ್ ಬೂಟು ಕೊಂಡೆ. ನನ್ನ ಅಳತೆ ಮಕ್ಕಳ ವಿಭಾಗದಲ್ಲಿ ಮಾತ್ರ ಸಿಕ್ಕಿದ್ದರಿಂದ ಅದರ ಮೇಲೆ ಕಪ್ಪೆಯ ಚಿತ್ರವಿತ್ತು. ನದಿ ದೊಡ್ಡದೇನಲ್ಲ. ನಮ್ಮ ಮಲಪ್ರಭೆ ನೋಡಿದವರು ಇದನ್ನು ಹಳ್ಳ ಅನ್ನುತ್ತಾರೆ. ಆದರೆ ನೀರು ತಿಳಿ, ತಳದ ಹಸಿರು ಕಳೆ ಕೂದಲು ಬಾಚಿದಂತೆ ಒಂದೇ ಕಡೆಗೆ ಮಲಗಿರುತ್ತದೆ. ಪೆಗ್ ನನಗೆ ಬಕಪಕ್ಷಿ ನಿಲ್ಲುವ ಜಾಗ ತೋರಿಸಿದಳು. ಮಿಂಚುಳ್ಳಿಗಾಗಿ ಬಾಯಿ ಮುಚ್ಚಿಕೊಂಡು ಕೂರಬೇಕು ಎಂದಳು. ಅದಕ್ಕೇ ನನಗದು ಡಿಸೆಂಬರ್ ಮುಗಿಯುವವರೆಗೂ ಕಾಣಲಿಲ್ಲ. ಕಂಡ ದಿನ ಕೂಗಿಬಿಟ್ಟೆ. ಜನವರಿಯಲ್ಲಿ ನದಿ ಉಕ್ಕಿ ಹುಲ್ಲುಗಾವಲೇ ಕೆರೆಯಾಯಿತು, ದಾರಿಯ ಮೇಲೆ ಹಂಸಗಳು ಈಜಿದವು. ನಾವು ಗೇಟಿನಲ್ಲಿ ನಿಂತು ನೋಡಿದೆವು. ಆವತ್ತೂ ನಾನು ಕೇಳಿದೆ. "ಹೋಗು, ಈಸಲಿಕ್ಕೆ ಬರ್ತಿದ್ರ," ಅಂದ ಫ್ರಾಂಕ್.

ಆ ತಿಂಗಳ ಕೊನೆಯಲ್ಲಿ ಡಬ್ಬಿಯೊಳಗೆ ಒಂದು ಕಾರ್ಡು ಬಂತು. ದಪ್ಪ ಪೆನ್ನಿನ ದಪ್ಪ ಅಕ್ಷರ. "ಸುಧಾ, ಕೋಳಿಗಳು ಮೊಟ್ಟೆ ಇಡುತ್ತಿಲ್ಲ, ಅಕ್ರೋಟ ಮುಗಿದಿದೆ, ಡಬ್ಬಿ ಖಾಲಿ ಕೊಟ್ಟರೆ ನೀನು ಬಯ್ಯುತ್ತೀ. ಅದಕ್ಕೆ ಈ ಚೀಟಿ. ಕೊನೆಯ ಸಲ ಹೇಳುತ್ತೇನೆ, ಆ ದಾರಿಗೆ ನನ್ನ ಅನುಮತಿ ಬೇಡ. ನನ್ನ ಅಜ್ಜನಿಗಿಂತ ಮೊದಲಿನಿಂದ ಊರಿನವರು ಅಲ್ಲಿ ನಡೆಯುತ್ತಿದ್ದಾರೆ. ತಡೆಯಬೇಕೆಂದರೂ ನಾನು ತಡೆಯಲಾರೆ." ಕೆಳಗೆ ತಾರೀಖು, ಸಹಿ. ನಾನು ನಕ್ಕು, ಇಷ್ಟು ವಿನಯವಾಗಿ ಅನುಮತಿ ಪತ್ರ ಬರೆದವರನ್ನು ಎಲ್ಲೂ ಕಂಡಿಲ್ಲ ಎಂದುಕೊಂಡು ಅದನ್ನು ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ಟಿನಿಂದ ಅಂಟಿಸಿದೆ.

ಫೆಬ್ರವರಿ ಮಧ್ಯದಲ್ಲಿ ಫ್ರಾಂಕ್ ತೀರಿಹೋದ. ಬೆಳಿಗ್ಗೆ ಕೋಳಿಗೂಡಿನ ಬಾಗಿಲು ತೆಗೆದು, ಒಳಗೆ ಬಂದು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ನನಗೆ ಬಹಳ ದುಃಖವಾಯಿತು. ಈ ದೇಶದಲ್ಲಿ ಅಷ್ಟು ವರ್ಷ ಇದ್ದೂ ಇಲ್ಲಿನ ಒಬ್ಬರ ಸಾವಿಗೆ ಅತ್ತದ್ದು ಅದೇ ಮೊದಲು. ಏನು ಮಾಡಬೇಕೆಂದು ತಿಳಿಯದೆ ಆವತ್ತು ಚಕ್ಕುಲಿ ಒತ್ತಿದೆ, ಎರಡು ಡಬ್ಬಿ ತುಂಬ. ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಊರಿನವರೆಲ್ಲ ಚಹಾದ ಜೊತೆ ಅದನ್ನೇ ತಿಂದರು.

ದೂರದ ಸಂಬಂಧಿಕರು ಹೊಲ, ಮನೆ ಮಾರಿದರು. ಮಾರ್ಚ್ ಕೊನೆಯಲ್ಲಿ ಹೊಸ ಯಜಮಾನ ಬಂದ. ಒಳ್ಳೆಯ ಕೋಟು, ಎರಡು ನಾಯಿ. ಏಪ್ರಿಲ್ ಮೊದಲ ಶನಿವಾರ ಕಾಡು ಬೆಳ್ಳುಳ್ಳಿ ಹೂಬಿಟ್ಟ ಇಳಿಜಾರು ಇಳಿದು ಹೋದರೆ ಮರದ ಗೇಟಿನ ಜಾಗದಲ್ಲಿ ಕಬ್ಬಿಣದ ಗೇಟು, ಬೀಗ, "ಖಾಸಗಿ" ಎಂಬ ಬೋರ್ಡು. ಪೆಗ್ ಬೀಗವನ್ನು ಹಿಡಿದು ಎರಡು ಸಲ ಜಗ್ಗಿ ನೋಡಿದಳು.

"ಇನ್ನ ನನಗ ನದಿ ಇಲ್ಲ ಸುಧಾ," ಅಂದಳು ಆಮೇಲೆ. "ಆ ಮೆಟ್ಟಿಲು ನಾ ಇಳಿಯಂಗಿಲ್ಲ."

ಆದರೆ ಅವಳು ಸುಮ್ಮನಿರುವವಳಲ್ಲ. ಒಂದೇ ವಾರದಲ್ಲಿ ಕೌನ್ಸಿಲ್‌ನಿಂದ ಫಾರಂಗಳ ಕಟ್ಟು ತರಿಸಿ ಮನೆಮನೆಗೆ ಹಂಚಿದಳು. ನಮ್ಮ ಅಡುಗೆಮನೆಯಲ್ಲಿ ಕೂತು, ನಾನು ಕಾಡು ಬೆಳ್ಳುಳ್ಳಿ ಎಲೆ ಹೆಚ್ಚಿ ಹಾಕಿ ತಟ್ಟಿದ ಥಾಲಿಪೆಟ್ಟು ತಿನ್ನುತ್ತಾ, ಕಾನೂನು ತಿಳಿಸಿದಳು. ಒಂದು ದಾರಿಯಲ್ಲಿ ಜನ ಇಪ್ಪತ್ತು ವರ್ಷ ಕದ್ದುಮುಚ್ಚಿ ಅಲ್ಲದೆ, ಜಬರದಸ್ತಿ ಇಲ್ಲದೆ, ಯಾರ ಅನುಮತಿಯನ್ನೂ ಪಡೆಯದೆ ನಡೆದಿದ್ದರೆ ಅದು ಎಲ್ಲರ ದಾರಿಯಾಗುತ್ತದೆ, ಯಾವ ಯಜಮಾನನೂ ಮುಚ್ಚಲಾರ. ಅನುಮತಿ ಪಡೆದು ನಡೆದಿದ್ದರೆ ಅದು ಬರೀ ಯಜಮಾನನ ದಯೆ. ಯಜಮಾನ ಬದಲಾದರೆ ದಯೆಯೂ ಮುಗಿಯಿತು.

ನಾನು ಸೌಟು ಕೆಳಗಿಟ್ಟು ಫಾರಂ ತೆಗೆದು ನೋಡಿದೆ. ಫಾರಮಿನ ಒಂಬತ್ತನೇ ಪ್ರಶ್ನೆ ಅದೇ ಆಗಿತ್ತು: ಈ ದಾರಿಯನ್ನು ಬಳಸಲು ನೀವು ಯಾವತ್ತಾದರೂ ಯಾರಲ್ಲಾದರೂ ಅನುಮತಿ ಕೇಳಿದ್ದೀರಾ?

"ಪೆಗ್," ಅಂದೆ, "ನಾನು ಪ್ರತಿ ಶನಿವಾರ ಕೇಳೇನಿ."

ಪೆಗ್ ಬಾಯಲ್ಲಿದ್ದದ್ದನ್ನು ನುಂಗಿ ನನ್ನನ್ನು ನೋಡಿದಳು. ಅವಳಿಗೆ ಗೊತ್ತಿತ್ತು, ಇಡೀ ಊರಿಗೇ ಗೊತ್ತಿತ್ತು. ನನ್ನ ಶನಿವಾರದ ಅನುಮತಿ ಪಬ್‌ನಲ್ಲಿ ತಮಾಷೆಯ ಮಾತಾಗಿತ್ತಂತೆ. ಆದರೆ ಅದು ಹೀಗೆ ಕುತ್ತಿಗೆಗೆ ಬರುತ್ತದೆಂದು ಅವಳೂ ಆ ಕ್ಷಣದವರೆಗೆ ಯೋಚಿಸಿರಲಿಲ್ಲ.

ಸಂಜೆ ಅರವಿಂದನಿಗೆ ಹೇಳಿದೆ. ಅವನು ಟೈ ಬಿಚ್ಚುತ್ತಾ ಮೆಲ್ಲಗೆ, "ಆ ಒಂದು ಪ್ರಶ್ನೆಗೆ ಉತ್ತರ ಬರೀಬೇಡ ಕಣೇ. ಖಾಲಿ ಬಿಟ್ಬಿಡು. ಯಾರು ಕೇಳ್ತಾರೆ?" ಅಂದ.

"ಕೇಳೇನಿ ಅಂತ ಊರಿಗೆಲ್ಲಾ ಗೊತ್ತದ. ಖಾಲಿ ಬಿಟ್ರ ಸುಳ್ಳು ಹೇಳಿದಂಗ."

"ಹಾಗಾದ್ರೆ ಫಾರಂನೇ ಕೊಡ್ಬೇಡ. ನಾವು ಸೆಪ್ಟೆಂಬರ್‌ಗೆ ಹೊರಟು ಹೋಗೋರು, ನಮಗ್ಯಾಕೆ ಬೇಕು ಉಸಾಬರಿ?"

ಉಸಾಬರಿ ನನಗೇ ಬೇಕಾಗಿತ್ತು. ಆ ಹಳ್ಳಿಯಲ್ಲಿ ನನ್ನ ಜೊತೆ ಮೊದಲು ಮಾತಾಡಿದವಳು ಪೆಗ್. ಅವಳ ನದಿಯನ್ನು ನನ್ನ ಒಳ್ಳೆಯ ನಡತೆ ನುಂಗಿಹಾಕಿತ್ತು. ಹೌದು ಎಂದೇ ಬರೆದು ಸಹಿ ಮಾಡಿ ಕೊಟ್ಟೆ. ಆ ಜಾಗ ಎಷ್ಟು ಚಿಕ್ಕದೆಂದರೆ ಹೌದು ಎಂಬುದಕ್ಕಿಂತ ಹೆಚ್ಚು ಬರೆಯಲು ಸ್ಥಳವೂ ಇರಲಿಲ್ಲ.

ಮೇ ತಿಂಗಳು ನನ್ನ ಪಾಲಿಗೆ ಕೆಟ್ಟದಾಗಿತ್ತು. ಬೇಲಿಗಳಲ್ಲೆಲ್ಲ ಬಿಳಿ ಹೂ ಉಕ್ಕಿ, ಇಡೀ ಊರು ಮದುವೆಮನೆಯಂತಿತ್ತು. ನಾನೊಬ್ಬಳೇ ಮುಖ ಇಳಿಸಿಕೊಂಡು ತಿರುಗಿದೆ. ಹೊಸ ಯಜಮಾನನ ವಕೀಲ ಕೌನ್ಸಿಲ್‌ಗೆ ಪತ್ರ ಬರೆದಿದ್ದ: ಜನ ನಡೆದದ್ದೆಲ್ಲ ಹಳೆಯ ಮಾಲೀಕರ ದಯೆಯಿಂದ, ಪ್ರತಿ ವಾರ ಅವರ ಅನುಮತಿ ಪಡೆಯುತ್ತಿದ್ದ ಮಹಿಳೆಯೊಬ್ಬರು ಇನ್ನೂ ಅದೇ ಊರಿನಲ್ಲಿದ್ದಾರೆ. ನಾನು ಪೆಗ್‌ನ ಪರವಾಗಿ ಫಾರಂ ತುಂಬಿ ಎದುರಾಳಿಯ ಮುಖ್ಯ ಸಾಕ್ಷಿಯಾಗಿದ್ದೆ. ಅಂಗಡಿಯವಳು ನನ್ನ ಜೊತೆ ಹವಾಮಾನ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಯಾರೂ ಒಂದು ಬಿರುಸು ಮಾತು ಆಡಲಿಲ್ಲ. ಆಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಇಂಗ್ಲಿಷಿನವರು ಆ ಅವಕಾಶವನ್ನೂ ಕೊಡುವುದಿಲ್ಲ.

ಪೆಗ್ ಮಾತ್ರ ಎಂದಿನಂತೆ ಬಂದು ನನ್ನನ್ನು ಎಳೆದುಕೊಂಡು ಬೀಗ ಹಾಕಿದ ಗೇಟಿನವರೆಗೆ ನಡೆದು ವಾಪಸ್ ಬರುತ್ತಿದ್ದಳು. ಒಂದು ದಿನ ನಾನೇ ಕೇಳಿದೆ, "ನನ್ನ ಮ್ಯಾಲೆ ಸಿಟ್ಟಿಲ್ಲೇನು?"

"ಅದ," ಅಂದಳು. "ಆದರ ನಡೀಲಿಕ್ಕೆ ಜೋಡಿ ಬೇಕಲ್ಲ."

ಜೂನ್‌ನಲ್ಲಿ ಊರಿನ ಹಾಲ್‌ನಲ್ಲಿ ಸಭೆ ಸೇರಿತು. ಕೌನ್ಸಿಲ್‌ನಿಂದ ಕನ್ನಡಕ ಹಾಕಿದ ಒಬ್ಬ ಹೆಂಗಸು, ಎರಡೂ ಕಡೆಯ ಮಾತು ಕೇಳಿ ವರದಿ ಬರೆಯುವ ಅಧಿಕಾರಿ, ಬಂದಿದ್ದಳು. ಅರವಿಂದ ರಜೆ ಹಾಕಿ ನನ್ನ ಪಕ್ಕದಲ್ಲಿ ಕೂತ. ಹದಿನೈದು ವರ್ಷದ ಅನಘಾ ಹಿಂದಿನ ಸಾಲಿನಲ್ಲಿ ಫೋನ್ ಹಿಡಿದು ಕೂತಳು. ಊರಿನವರು ಒಬ್ಬೊಬ್ಬರಾಗಿ ಎದ್ದು ತಾವು ಚಿಕ್ಕಂದಿನಿಂದ ಅಲ್ಲಿ ನಡೆದದ್ದನ್ನು ಹೇಳಿದರು. ಪೆಗ್ ತನ್ನ ಮಕ್ಕಳನ್ನು ತಳ್ಳುಗಾಡಿಯಲ್ಲಿ ತಳ್ಳಿಕೊಂಡು ಹೋದದ್ದನ್ನು ಹೇಳಿದಳು. ಆಮೇಲೆ ವಕೀಲ ನನ್ನ ಹೆಸರು ಕರೆದ.

"ನೀವು ಪ್ರತಿ ಶನಿವಾರ ಅನುಮತಿ ಕೇಳುತ್ತಿದ್ದದ್ದು ನಿಜವೇ?"

"ನಿಜ."

"ಕೇಳಿದ ಮೇಲೆಯೇ ಹೋಗುತ್ತಿದ್ದಿರಿ?"

"ಹೌದು," ಅಂದೆ. ವಕೀಲ ಸಾಕು ಎಂದು ಕೂತ. ಹಾಲ್‌ನಲ್ಲಿ ಕುರ್ಚಿಗಳು ಕಿರುಗುಟ್ಟಿದವು. ನಾನೂ ಕೂರಲು ಹೊರಟಾಗ ಆ ಅಧಿಕಾರಿ ಹೆಂಗಸು ಕನ್ನಡಕ ಮೇಲೆತ್ತಿ, "ಒಂದು ನಿಮಿಷ," ಅಂದಳು. "ನೀವು ಕೇಳಿದಾಗ ಅವರು ಏನನ್ನುತ್ತಿದ್ದರು?"

ಎರಡು ತಿಂಗಳಿನಿಂದ ಎಲ್ಲರೂ ನನ್ನನ್ನು ಕೇಳಿದ್ದು ನೀನು ಕೇಳಿದೆಯಾ ಎಂದು. ಅವನು ಏನೆಂದ ಎಂದು ಒಬ್ಬರೂ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

"ಅದು ನಂದಲ್ಲ ಕೊಡ್ಲಿಕ್ಕೆ ಅಂತಿದ್ರು," ಅಂದೆ.

"ಯಾವಾಗ?"

"ಪ್ರತಿ ಸಲ."

"ಹಾಗಾದರೆ ಅನುಮತಿ ಕೊಡುತ್ತಿರಲಿಲ್ಲವೇ?"

ಆಗ ನನ್ನ ತಲೆಯೊಳಗೆ ದೀಪ ಹತ್ತಿತು. "ಇಲ್ಲ," ಅಂದೆ, ದನಿ ತಾನಾಗಿ ಏರಿತು. "ಒಮ್ಮೆನೂ ಕೊಡಲಿಲ್ರಿ! ಐದು ತಿಂಗಳು ಕೇಳಿದೆ, ಒಂದು ಸಲನೂ ಕೊಡಲಿಲ್ಲ!"

ಹಾಲ್‌ನಲ್ಲಿ ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ. ವಕೀಲ ಎದ್ದು, ತೀರಿಹೋದವರ ಬಾಯಲ್ಲಿ ಯಾರು ಏನು ಬೇಕಾದರೂ ಇಡಬಹುದು ಎಂದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅನಘಾ ಕಿರುಚಿದಳು, "ಅಮ್ಮಾ, ದ ಕಾರ್ಡ್! ಇಟ್ಸ್ ಆನ್ ದ ಫ್ರಿಜ್!" ಮತ್ತು ಯಾರ ಉತ್ತರಕ್ಕೂ ಕಾಯದೆ ಓಡಿದಳು. ಆಟದ ಪಿರಿಯಡ್ಡಿಗೆ ಹೊಟ್ಟೆನೋವು ಬರಿಸಿಕೊಳ್ಳುವ ನನ್ನ ಮಗಳು ಅಷ್ಟು ಜೋರಾಗಿ ಓಡಿದ್ದನ್ನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಆರು ನಿಮಿಷದಲ್ಲಿ ಏದುಸಿರು ಬಿಡುತ್ತಾ ಬಂದಳು. ಕಾರ್ಡಿನ ಮೂಲೆಯಲ್ಲಿ ನನ್ನ ಅರಿಶಿನದ ಬೆರಳಚ್ಚು ಇತ್ತು.

ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿದಳು. ಮೊಟ್ಟೆ ಇಡದ ಕೋಳಿಗಳಿಗೆ ಜನ ನಕ್ಕರು, ಅಜ್ಜನಿಗಿಂತ ಮೊದಲಿನಿಂದ ಎಂಬಲ್ಲಿ ಹಳಬರು ತಲೆದೂಗಿದರು. ತಾರೀಖು, ಸಹಿ ಓದಿದಳು. ಆಮೇಲೆ ಕಾರ್ಡನ್ನು ತಿರುಗಿಸಿ, "ಹಿಂದೆಯೂ ಇದೆ," ಅಂದಳು.

ನನಗೆ ಗೊತ್ತಿರಲಿಲ್ಲ. ಡಬ್ಬಿಯಿಂದ ತೆಗೆದವಳೇ ನೇರವಾಗಿ ಫ್ರಿಜ್ಜಿಗೆ ಅಂಟಿಸಿದ್ದೆ, ಹಿಂದೆ ನೋಡಿರಲಿಲ್ಲ.

ಅವಳು ಓದಿದಳು: "ಆದರೆ ಕೇಳುವುದನ್ನು ಬಿಡಬೇಡ. ಬೇರೆಯವರೆಲ್ಲ ಸುಮ್ಮನೆ ಹಾದು ಹೋಗುತ್ತಾರೆ. ನೀನೊಬ್ಬಳೇ ನಿಲ್ಲುವುದು."

ನಾನು ಅಲ್ಲೇ, ಎಲ್ಲರ ಎದುರು, ಜೋರಾಗಿ ಅತ್ತೆ. ಅರವಿಂದ ಕರವಸ್ತ್ರ ಹುಡುಕುತ್ತಾ ತನ್ನ ಎಲ್ಲ ಜೇಬು ತಡಕಿದ. ಅಂಗಡಿಯವಳು ಬಂದು ನನ್ನ ಹೆಗಲು ಹಿಡಿದಳು. ಪೆಗ್ ಮಾತ್ರ ಕೂತಲ್ಲಿಂದಲೇ, "ಇಷ್ಟು ದಿನ ಅದನ್ನ ಯಾಕ ತಿರುವಿ ನೋಡಲಿಲ್ಲ ಹುಚ್ಚೀ," ಎಂದು ಫ್ರಾಂಕ್‌ನ ದನಿಯಲ್ಲೇ ಬೈದಳು. ಬೈಯುವಾಗ ಅವಳ ಕಣ್ಣೂ ಒದ್ದೆಯಾಗಿತ್ತು.

ಒಂದು ಕಾರ್ಡಿನಿಂದಲೇ ಎಲ್ಲ ಆಯಿತು ಎಂದರೆ ಸುಳ್ಳಾಗುತ್ತದೆ. ಊರಿನವರ ಫಾರಂಗಳ ರಾಶಿ ಇತ್ತು, ಪೆಗ್‌ನ ಐವತ್ತೆರಡು ವರ್ಷ ಇತ್ತು. ಆದರೆ ವಕೀಲನ ಕೈಯಲ್ಲಿದ್ದ ಮುಖ್ಯ ಅಸ್ತ್ರ ನಾನಾಗಿದ್ದೆ, ಆ ಅಸ್ತ್ರ ಆವತ್ತು ತಿರುಗಿತು. ಬೀಗವನ್ನು ಜುಲೈನಲ್ಲಿಯೇ ತೆಗೆಯಲು ಹೊಸ ಯಜಮಾನ ಒಪ್ಪಿಕೊಂಡ. ಸೆಪ್ಟೆಂಬರಿನಲ್ಲಿ ನಾವು ಕೆಂಟನ್‌ಗೆ ವಾಪಸಾದೆವು; ಕರಿಬೇವು ಮತ್ತೆ ಕೈಗೆಟುಕಿತು, ನನ್ನ ಸಕ್ಕರೆ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದಿತ್ತು. ಕಪ್ಪೆಯ ಬೂಟು ಬಾಗಿಲ ಹಿಂದೆ ಉಳಿಯಿತು. ಕಾಗದಪತ್ರ ಮುಗಿದು ದಾರಿ ನಕ್ಷೆಗೆ ಏರಲು ಇನ್ನೂ ಮೂರು ವರ್ಷ ಹಿಡಿಯಿತು. ಕಳೆದ ತಿಂಗಳು ಪೆಗ್ ಫೋನ್ ಮಾಡಿ, "ಕಂಬ ನಟ್ಟಾರ, ಬಾ," ಅಂದಳು. ಅದಕ್ಕೇ ಹೋದದ್ದು.

ಇಳಿಜಾರಿನ ಕೊನೆಯಲ್ಲಿ ಹಸಿರು ಕಂಬ, ಅದರ ಮೇಲೆ ನದಿಯ ಕಡೆಗೆ ಕೈ ಮಾಡಿದ ಹಲಗೆ: ಸಾರ್ವಜನಿಕ ಕಾಲುದಾರಿ. ಎರಡೂ ಕೀಲು ಹೊಸದಾದ ಪೆಗ್ ಅದರ ಕೆಳಗೆ, ತಾನೇ ನೆಟ್ಟವಳ ಹಾಗೆ, ನಿಂತಿದ್ದಳು. ಮೂವರೂ ಅಂಗಳಕ್ಕೆ ಬಂದೆವು. ಜಗಲಿಗೆ ಹೊಸ ಬಣ್ಣ ಬಳಿದಿದ್ದರು, ಕುರ್ಚಿ ಇರಲಿಲ್ಲ. ನನ್ನ ಕಾಲು ತಾನಾಗಿ ನಿಂತಿತು. ಪೆಗ್ ಈ ಸಲ ಮುಂದೆ ಹೋಗದೆ ನನ್ನ ಜೊತೆ ನಿಂತಳು.

ಅಷ್ಟರಲ್ಲಿ ಹೊಸ ಯಜಮಾನ ನಾಯಿಗಳ ಜೊತೆ ಮೂಲೆ ತಿರುಗಿ ಬಂದ. ನನ್ನನ್ನು ಕಂಡವನೇ ಎರಡೂ ಕೈ ಮೇಲೆತ್ತಿ, "ದಯವಿಟ್ಟು ನನ್ನನ್ನ ಏನೂ ಕೇಳಬ್ಯಾಡ್ರಿ," ಅಂದ.

"ಏನೂ ಕೇಳಂಗಿಲ್ಲ," ಅಂದೆ. "ಸುಮ್ನ ನಿಂತೇನಿ." ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಅವನ ಕೈಗೆ ಕೊಟ್ಟೆ. ಬೆಳಿಗ್ಗೆ ಒತ್ತಿದ ಚಕ್ಕುಲಿ. ಯಾರಿಗೆಂದು ಗೊತ್ತಿಲ್ಲದೆಯೇ ತುಂಬಿಕೊಂಡು ಬಂದಿದ್ದೆ. ಅವನು ಡಬ್ಬಿಯನ್ನು ಸ್ವಲ್ಪ ಹೊತ್ತು ಅನುಮಾನದಿಂದ ನೋಡಿ, ಮುಚ್ಚಳ ತೆರೆದು, ಒಂದು ಮುರಿದು ಬಾಯಿಗೆ ಹಾಕಿಕೊಂಡ.

"ಡಬ್ಬಿ ಖಾಲಿ ವಾಪಸ್ ಕೊಡಬಾರದು, ಮತ್ತ," ಅಂದೆ.

"ಏನು ಹಾಕ್ಲಿ? ನಾನು ಕೋಳಿ ಸಾಕಿಲ್ಲ."

"ಏನಾದ್ರೂ ನಡೀತದ."

ಅವನು ಇನ್ನೊಂದು ಚಕ್ಕುಲಿ ತೆಗೆದುಕೊಂಡ. "ಏನಾದ್ರೂ ಹಾಕ್ತೇನಿ," ಅಂದ, "ಚೀಟಿ ಒಂದು ಬಿಟ್ಟು."

ಪೆಗ್ ನಕ್ಕ ರಭಸಕ್ಕೆ ಅನಘಾ ಅವಳ ತೋಳು ಹಿಡಿದುಕೊಳ್ಳಬೇಕಾಯಿತು. ಆಮೇಲೆ ನಾವು ಮೂವರೂ, ಯಾರನ್ನೂ ಕೇಳದೆ, ನದಿಗೆ ಹೋದೆವು.